ಉದ್ಯೋಗದ ಕಾಲಂನಲ್ಲಿ ‘ಗೃಹಿಣಿ’ ಎಂದು ಬರೆದವನ ಪತ್ರ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಮಹಿಳಾ ದಿನದಂದು ತಮ್ಮ ಪತ್ರಿಕೆಯ ಪುರವಣಿಯಲ್ಲಿ ನಮ್ಮ ಕೊಡಗಿನ ಸಿದ್ದಾಪುರ ಭಾಗದ ಕಾಫಿಪುಡಿ ವ್ಯಾಪಾರದ ಮಹಿಳೆಯೊಬ್ಬರ ಬಗ್ಗೆ ಅರ್ಧ ಪುಟದ ಲೇಖನ ಬಂದಿತ್ತು. ಚಿತ್ರ ಚೆನ್ನಾಗಿತ್ತು, ಬರೆದವರಿಗೆ ಅವರ ಮೇಲೆ ಗೌರವವಿರುವುದೂ ಸಾಲುಸಾಲಿನಲ್ಲಿ ಕಾಣುತ್ತಿತ್ತು. ಆದರೂ ಓದಿ ಮುಗಿಸಿದಾಗ ನನಗೆ ಸಮಾಧಾನವಾಗಲಿಲ್ಲ. ಬ್ಯಾಂಕಿನಲ್ಲಿ ಮೂವತ್ತೊಂದು ವರ್ಷ ದುಡಿದವನಿಗೆ ಎಣಿಸುವ ಚಟ ನಿವೃತ್ತಿಯಾದ ಮೇಲೂ ಬಿಡುವುದಿಲ್ಲವಾದ್ದರಿಂದ ಪೆನ್ಸಿಲ್ ಹಿಡಿದು ಕುಳಿತೆ. ‘ತಾಯಿ’, ‘ಅಮ್ಮ’, ‘ಮಮತೆ’ ಎಂಬ ಮಾತುಗಳು ಸೇರಿ ಹದಿನೇಳು ಸಲ ಬಂದಿವೆ. ‘ತ್ಯಾಗ’ ಐದು ಸಲ. ‘ಬಂಡವಾಳ’ ಒಂದು ಸಲ, ಅದೂ ‘ಆತ್ಮವಿಶ್ವಾಸವೇ ಬಂಡವಾಳ’ ಎಂಬ ಉಪಶೀರ್ಷಿಕೆಯಲ್ಲಿ. ಸಾಲ, ಬಡ್ಡಿ, ಲಾಭ, ನಷ್ಟ ಎಂಬ ಪದಗಳು ಇಡೀ ಲೇಖನದಲ್ಲಿ ಎಲ್ಲಿಯೂ ಇಲ್ಲ. ಮೂವತ್ತು ವರ್ಷ ವ್ಯಾಪಾರ ಮಾಡಿದವರ ಜೀವನವನ್ನು ವ್ಯಾಪಾರದ ಒಂದು ಪದವೂ ಇಲ್ಲದೆ ಬರೆಯಲು ಸಾಧ್ಯವಾದದ್ದು ಹೇಗೆಂಬ ಬೆರಗಿನಿಂದಲೇ ಈ ಪತ್ರ ಬರೆಯುತ್ತಿದ್ದೇನೆ.

ಬೆರಗಿನ ಜೊತೆಗೆ ಸ್ವಲ್ಪ ಅಪರಾಧಿ ಭಾವವೂ ಇದೆ; ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. 1997ರಲ್ಲಿ ಅವರು ಹುರಿಯುವ ಯಂತ್ರಕ್ಕೂ ಬೀಸುವ ಯಂತ್ರಕ್ಕೂ 25,000 ರೂಪಾಯಿ ಸಾಲ ಕೇಳಿ ಬಂದಾಗ ಅವರ ಅರ್ಜಿಯನ್ನು ತುಂಬಿಸಿದವನು ನಾನೇ. ಆಗ ನಾನು ಶಾಖೆಯ ಕ್ಷೇತ್ರಾಧಿಕಾರಿ. ಉದ್ಯೋಗದ ಕಾಲಂ ಬಂದಾಗ ತಲೆ ಎತ್ತದೆ, ಅವರನ್ನು ಕೇಳದೆ, ‘ಗೃಹಿಣಿ’ ಎಂದು ಬರೆದೆ. ಆ ಅರ್ಜಿ ಯಾಕೆ ಮುಂದೆ ಹೋಗಲಿಲ್ಲ ಎಂಬುದರಲ್ಲಿ ನನ್ನ ಆ ಮೂರಕ್ಷರಕ್ಕೆ ಎಷ್ಟು ಪಾಲಿತ್ತೆಂದು ಈಗ ತೂಗಿ ಹೇಳಲಾರೆ, ಆದರೆ ಪಾಲಂತೂ ಇತ್ತು. ಇಲ್ಲಿ ಬರೆಯುತ್ತಿರುವ ಸಂಗತಿಗಳನ್ನು ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು ಮಾತ್ರ ಬೇಡ, ಪತ್ರಿಕೆಯಲ್ಲಿ ಒಂದು ಸಲ ಬಂದದ್ದೇ ಸಾಕು ಎಂದಿದ್ದಾರೆ. ಊರಿನವರು ಅವರನ್ನು ಕರೆಯುವುದು ‘ಅಕ್ಕ’ ಎಂದು. ನಾನೂ ಹಾಗೆಯೇ ಬರೆಯುತ್ತೇನೆ, ವಯಸ್ಸಿನಲ್ಲಿ ಅವರು ನನಗಿಂತ ಕಿರಿಯರಾದರೂ.

ಅಕ್ಕನ ವ್ಯಾಪಾರ ಆರಂಭವಾದದ್ದು ಯಾಕೆ 1996ರಲ್ಲೇ ಎಂಬುದನ್ನು ಲೇಖನ ಕೇಳಿಲ್ಲ. ಕೊಡಗಿನ ಓದುಗರಿಗೆ ಅದು ತಿಳಿಯದ ವಿಷಯವಲ್ಲ, ಆದರೆ ಹೊಸ ತಲೆಮಾರಿನವರು ಮರೆತಿದ್ದಾರೆ. 1942ರ ಕಾಫಿ ಕಾಯ್ದೆಯ ಅಡಿಯಲ್ಲಿ ಬೆಳೆಗಾರ ತನ್ನ ಫಸಲನ್ನು ಕಾಫಿ ಮಂಡಳಿಯ ಪೂಲಿಗೆ, ಎಂದರೆ ಎಲ್ಲರ ಫಸಲನ್ನೂ ಒಟ್ಟುಗೂಡಿಸುವ ಸಂಗ್ರಹಕ್ಕೆ, ಒಪ್ಪಿಸಬೇಕಿತ್ತು, ಹಣ ಕಂತುಕಂತಾಗಿ ಬರುತ್ತಿತ್ತು. ಪುಡಿ ಮಾಡುವವರು ಬೀಜವನ್ನು ಮಂಡಳಿಯ ಹರಾಜಿನಲ್ಲಿ ಕೊಳ್ಳಬೇಕಿತ್ತು. ಎರಡು ಚೀಲ ಚೆರಿ (ಸಿಪ್ಪೆಸಹಿತ ಒಣಗಿಸಿದ ಕಾಫಿ ಹಣ್ಣು) ಕೊಂಡು ವ್ಯಾಪಾರ ಮಾಡುತ್ತೇನೆ ಎನ್ನುವವರಿಗೆ ಆ ವ್ಯವಸ್ಥೆಯಲ್ಲಿ ಬಾಗಿಲೇ ಇರಲಿಲ್ಲ. ತೊಂಬತ್ತರ ದಶಕದ ಆರಂಭದಿಂದ ಹಂತಹಂತವಾಗಿ ಸಡಿಲವಾದ ಆ ಕಟ್ಟು 1996ರಲ್ಲಿ ಎಲ್ಲ ಬೆಳೆಗಾರರಿಗೂ ಪೂರ್ತಿ ಬಿಚ್ಚಿಕೊಂಡಿತು. ಆ ವರ್ಷ ನಮ್ಮ ಪೇಟೆಗಳಲ್ಲಿ ದೊಡ್ಡ ಖರೀದಿದಾರರ ಬೋರ್ಡುಗಳು ಎದ್ದದ್ದನ್ನು ನೋಡಿದವರು ಬಹಳ ಮಂದಿ. ಅದೇ ಬಾಗಿಲಿನಲ್ಲಿ, ಹಾಲು ಮಾರಿ ಉಳಿಸಿದ 3,200 ರೂಪಾಯಿ ಹಿಡಿದುಕೊಂಡು, ತೋಟದ ಲೈನ್ ಮನೆಯ (ಕೆಲಸದವರ ಸಾಲುಮನೆಯ) ಒಬ್ಬ ಹೆಂಗಸೂ ನುಗ್ಗಿದ್ದನ್ನು ಗಮನಿಸಿದವರು ಕಡಿಮೆ. ಅದನ್ನು ಅದೃಷ್ಟ ಎನ್ನಲು ನಾನು ಸಿದ್ಧನಿಲ್ಲ. ಕಾನೂನು ಬದಲಾದದ್ದನ್ನು ರೇಡಿಯೋ ವಾರ್ತೆಯಲ್ಲಿ ಕೇಳಿ, ಅದರ ಅರ್ಥವೇನೆಂದು ಗಂಡನ ಮೇಲಿನವರಾದ ತೋಟದ ಮ್ಯಾನೇಜರರ ಬಳಿಯೇ ಹೋಗಿ ವಿಚಾರಿಸಿಕೊಂಡು, ಆಮೇಲೆ ಸುತ್ತಲಿನ ಎರಡು ಮೂರು ಎಕರೆಯ ಸಣ್ಣ ಬೆಳೆಗಾರರ ಕಣಗಳಿಗೆ ಹೋದವರು ಅವರು.

ಅವರ ಕಸುಬಿನ ಬುದ್ಧಿ ಎಂಥದೆಂದು ತಿಳಿಯಬೇಕಾದರೆ ಅವರು ಚೆರಿ ಕೊಳ್ಳುವುದನ್ನು ನೋಡಬೇಕು. ಸಾಲದ ಅರ್ಜಿಯ ಪರಿಶೀಲನೆಗೆಂದು ನಾನು ಹೋದ ದಿನ ಒಬ್ಬ ಬೆಳೆಗಾರರು ನಾಲ್ಕು ಚೀಲ ರೊಬಸ್ಟಾ ತಳಿಯ ಚೆರಿ ಇಳಿಸಿದ್ದರು. ಅಕ್ಕ ಚೀಲದ ಬಾಯಿ ಬಿಚ್ಚಿ, ಮೊಣಕೈಯವರೆಗೆ ಕೈ ಇಳಿಸಿ, ನಡುವಿನಿಂದ ಒಂದು ಹಿಡಿ ತೆಗೆದು ಮುಷ್ಟಿ ಮುಚ್ಚಿ ಕಿವಿಯ ಹತ್ತಿರ ಅಲ್ಲಾಡಿಸಿದರು. ಸರಿಯಾಗಿ ಒಣಗಿದ ಚೆರಿಯೊಳಗೆ ಬೀಜ ಗಿಲಕಿಯಂತೆ ಸದ್ದು ಮಾಡುತ್ತದೆ. ಹಸಿ ಇದ್ದರೆ ಮೌನ. ಮೂರು ಚೀಲ ಮಾತಾಡಿದವು, ನಾಲ್ಕನೆಯದು ಮಾತಾಡಲಿಲ್ಲ. ‘ಇದನ್ನು ಇನ್ನೆರಡು ದಿನ ಕಣದಲ್ಲಿ ಹರಡಿ ತನ್ನಿ ಅಣ್ಣ, ಇವತ್ತಿನ ರೇಟೇ ಕೊಡುತ್ತೇನೆ’ ಎಂದರು. ಬೆಳೆಗಾರರು ಗೊಣಗಿಕೊಂಡೇ ನಾಲ್ಕನೆಯ ಚೀಲವನ್ನು ಜೀಪಿಗೆ ಹಾಕಿಕೊಂಡರು. ಆಮೇಲೆ ಉಳಿದದ್ದರಲ್ಲಿ ಒಂದಷ್ಟನ್ನು ತೂಗಿ, ಒರಳಿನಲ್ಲಿ ಕುಟ್ಟಿ, ಸಿಪ್ಪೆ ಕೇರಿ, ಬೀಜವನ್ನು ಮತ್ತೆ ತೂಗಿ ‘ಓಟಿ’ ನೋಡಿದರು. ಔಟ್‌ಟರ್ನ್ ಎಂಬ ಆ ಲೆಕ್ಕ ಕಾಫಿ ವ್ಯಾಪಾರದ ಜೀವಾಳ: 50 ಕಿಲೋ ಚೆರಿಯಿಂದ ಎಷ್ಟು ಕಿಲೋ ಬೀಜ ಸಿಗುತ್ತದೆ ಎಂಬುದರ ಮೇಲೆ ಚೀಲದ ದರ ನಿಲ್ಲುತ್ತದೆ. ಅಂದು 26 ಬಂತು. ಅವರು ಬೆರಳ ಗೆಣ್ಣುಗಳಲ್ಲೇ ಮುಂದಿನ ಲೆಕ್ಕ ಹಾಕಿದರು. ಹುರಿದಾಗ ನೂರಕ್ಕೆ ಹದಿನೈದರಿಂದ ಇಪ್ಪತ್ತು ತೂಕ ಹೋಗುತ್ತದೆ, ಆದ್ದರಿಂದ ಚೀಲಕ್ಕೆ ಇಪ್ಪತ್ತೊಂದು ಇಪ್ಪತ್ತೆರಡು ಕಿಲೋ ಪುಡಿ, ಸೌದೆ ಇಷ್ಟು, ಮಿಲ್ಲಿನ ಕೂಲಿ ಇಷ್ಟು, ಸಂತೆಗೆ ಬಸ್ ಚಾರ್ಜು ಇಷ್ಟು. ಬಿ.ಕಾಂ. ಓದಿದ ನಾನು ಕಾಗದದ ಮೇಲೆ ಆ ಲೆಕ್ಕವನ್ನು ಮುಗಿಸುವ ಹೊತ್ತಿಗೆ ಅವರು ಬೆಳೆಗಾರರಿಗೆ ದುಡ್ಡು ಎಣಿಸಿ ಕೊಟ್ಟಾಗಿತ್ತು.

ಲೆಕ್ಕದ ಪುಸ್ತಕ ತೋರಿಸಿ ಎಂದಾಗ ಮಗಳ ಶಾಲೆಯ ನೋಟುಬುಕ್ಕು ತಂದು ಕೊಟ್ಟರು. ಮೊದಲ ಪುಟಗಳಲ್ಲಿ ಎಂಟರ ಮಗ್ಗಿಯವರೆಗೆ ಮಗುವಿನ ಅಕ್ಷರ. ಪುಸ್ತಕವನ್ನು ತಿರುವಿ ಹಿಂದಿನಿಂದ ತೆರೆದರೆ ಯಾವ ಹೋಟೆಲಿಗೆ ಎಷ್ಟು ಕಿಲೋ ಉದ್ರಿ, ಯಾರು ಯಾವ ದಿನ ಎಷ್ಟು ಕೊಟ್ಟರು ಎಂಬ ತಾಯಿಯ ಅಕ್ಷರ. ಒಂದು ಸಾಲನ್ನೂ ಹೊಡೆದು ಹಾಕಿರಲಿಲ್ಲ. ನಮ್ಮ ಶಾಖೆಯಲ್ಲಿ ಆಗ ಸಾಲ ಪಡೆದಿದ್ದ ಎಷ್ಟೋ ಗಂಡಸರ ಲೆಕ್ಕದ ಪುಸ್ತಕ ಅದರ ಕಾಲುಭಾಗದಷ್ಟೂ ಚೊಕ್ಕವಾಗಿರಲಿಲ್ಲವೆಂದು ನನಗೆ ಗೊತ್ತಿತ್ತು. ಆದರೂ ಪರಿಶೀಲನಾ ವರದಿಯಲ್ಲಿ ನಾನು ಬರೆದದ್ದು ‘ಅರ್ಜಿದಾರರು ಮನೆವಾರ್ತೆಯ ಬಿಡುವಿನ ವೇಳೆಯಲ್ಲಿ ಕಾಫಿಪುಡಿ ತಯಾರಿಸುತ್ತಾರೆ’ ಎಂದು. ದಿನಕ್ಕೆ ಹನ್ನೆರಡು ಗಂಟೆಯ ದುಡಿಮೆಗೆ ‘ಬಿಡುವಿನ ವೇಳೆ’ ಎಂಬ ಹೆಸರು ನನ್ನ ಲೇಖನಿಯಿಂದ ಬಂತು. ಕೆಟ್ಟ ಉದ್ದೇಶವಿರಲಿಲ್ಲ, ಒಬ್ಬ ತಾಯಿಯ ಬಗ್ಗೆ ಹಾಗೆ ಬರೆಯುವುದೇ ಗೌರವ ಎಂದು ಆಗ ನಿಜವಾಗಿಯೂ ನಂಬಿದ್ದೆ. ತಮ್ಮ ಲೇಖಕರೂ ಅದನ್ನೇ ನಂಬಿದ್ದಾರೆಂದು ಕಾಣುತ್ತದೆ, ಆದ್ದರಿಂದಲೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಬ್ಯಾಂಕಿನಲ್ಲಿ ಕೇಳಿದ್ದು ಎರಡು: ಗಂಡನ ಸಹಿ, ಜಮೀನಿನ ಆರ್‌ಟಿಸಿ. ಗಂಡನ ಸಹಿ ಕಡ್ಡಾಯ ಎನ್ನುವ ಒಂದು ಸಾಲಿನ ನಿಯಮವನ್ನೂ ನಾನು ಓದಿದ ನೆನಪಿಲ್ಲ. ಅದು ರೂಢಿಯಾಗಿತ್ತು, ರೂಢಿಯನ್ನು ನಾವು ನಿಯಮದಂತೆ ಹೇಳುತ್ತಿದ್ದೆವು. ಜಮೀನಿನ ಮಾತು ಕೊಡಗಿನಲ್ಲಿ ಇನ್ನೂ ಜಟಿಲ. ಜಮ್ಮಾ ಆಸ್ತಿಯ (ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ ಒಟ್ಟು ಹಿಡುವಳಿಯ) ದಾಖಲೆ ಪಟ್ಟೆದಾರರ, ಎಂದರೆ ಕುಟುಂಬದ ಹಿರಿಯರ, ಹೆಸರಿನಲ್ಲಿರುತ್ತದೆ, ಪಟ್ಟೆದಾರರು ತೀರಿಹೋಗಿ ಎಷ್ಟೋ ವರ್ಷವಾದರೂ ಹೆಸರು ಹಾಗೆಯೇ ಇರುತ್ತದೆ, ಪಾಲುದಾರರಾದ ಗಂಡಸರಿಗೇ ಅದರ ಮೇಲೆ ಸಾಲ ಎತ್ತುವುದು ಕಷ್ಟ. ಮದುವೆಯಾಗಿ ಬಂದ ಹೆಣ್ಣುಮಗಳ ಹೆಸರು ಅಲ್ಲಿ ಹುಡುಕಿದರೆ ಸಿಗುವುದು ಅಪರೂಪ. ಅಕ್ಕನ ಗಂಡನಿಗಾದರೋ ಗೇಣು ಜಮೀನೂ ಇರಲಿಲ್ಲ. ಅರ್ಜಿ ಹಿಂದಿರುಗಿತು. ಅದೇ ದಿನ ಮಧ್ಯಾಹ್ನ ಅವರು ಮತ್ತೆ ಬಂದು ನಾಲ್ಕು ಬಳೆ, ಒಂದು ಸರ ಮೇಜಿನ ಮೇಲಿಟ್ಟರು. ಅಕ್ಕಸಾಲಿಗರು ಬಂದು ಉಜ್ಜಿ ನೋಡಿದರು, ಅರ್ಧ ಗಂಟೆಯಲ್ಲಿ ಹಣ ಕೈಗೆ ಬಂತು. ಚಿನ್ನದ ಸಾಲಕ್ಕೆ ಗಂಡನ ಸಹಿಯನ್ನು ಯಾರೂ ಕೇಳಲಿಲ್ಲ. ಒಂದೇ ಬ್ಯಾಂಕು, ಒಂದೇ ಮೇಜು, ಒಬ್ಬರೇ ಅರ್ಜಿದಾರರು. ಅವರ ಕೈಬಳೆಗೆ ಇದ್ದ ಬೆಲೆ ಕೈಗೆ ಇರಲಿಲ್ಲ. ಸಿಕ್ಕಿದ ಹಣ ಎರಡು ಯಂತ್ರಕ್ಕೆ ಸಾಲದೆ, ಕೈಯಲ್ಲಿ ತಿರುಗಿಸುವ ಹಳೆಯ ಡ್ರಮ್ಮನ್ನೇ ಇಟ್ಟುಕೊಂಡು ಬೀಸುವ ಯಂತ್ರ ಒಂದನ್ನು ತಂದರು. ಹುರಿಯುವ ಯಂತ್ರ ಬರಲು ಇನ್ನೂ ಐದು ವರ್ಷ ಹಿಡಿಯಿತು. ಆ ಐದು ವರ್ಷ ಡ್ರಮ್ಮು ತಿರುಗಿಸಿದ ಬಲ ಭುಜ ಈಗ ಮಳೆಗಾಲದಲ್ಲಿ ಏಳುವುದಿಲ್ಲ. ಲೇಖನದಲ್ಲಿ ‘ಶ್ರಮದ ಬೆವರು’ ಎಂದು ಹೊಗಳಿರುವುದು ಬಹುಶಃ ಇದನ್ನೇ. ನಾವು ಸಾಲ ಕೊಟ್ಟಿದ್ದರೆ ಆ ಬೆವರಿನ ದೊಡ್ಡ ಪಾಲು ಬೇಕಿರಲಿಲ್ಲ.

ಹೀಗಾದದ್ದು ಅವರೊಬ್ಬರಿಗೇ ಏನಲ್ಲ. ಕಿರಣ್ ಮಜುಂದಾರ್ ಶಾ ಅವರು 1978ರಲ್ಲಿ ಬೆಂಗಳೂರಿನಲ್ಲಿ 10,000 ರೂಪಾಯಿಯೊಂದಿಗೆ ಬಯೋಕಾನ್ ಆರಂಭಿಸಿದಾಗ ಬ್ಯಾಂಕುಗಳು ಸಾಲ ಕೊಡಲು ಹಿಂಜರಿದವೆಂಬುದನ್ನು ಅವರೇ ಹಲವು ಸಲ ಹೇಳಿಕೊಂಡಿದ್ದಾರೆ. 1959ರಲ್ಲಿ ಮುಂಬಯಿಯ ಏಳು ಮಂದಿ ಹೆಂಗಸರು 80 ರೂಪಾಯಿಯಿಂದ ಲಿಜ್ಜತ್ ಹಪ್ಪಳ ಆರಂಭಿಸಿದ ಕಥೆಯನ್ನು ಪ್ರತಿ ವರ್ಷ ಮಾರ್ಚಿನಲ್ಲಿ ಓದುತ್ತೇವೆ; ಆ ಎಂಬತ್ತು ರೂಪಾಯಿ ಸಾಲವಾಗಿ ಬಂದದ್ದು, ಅದನ್ನು ಕೊಟ್ಟವರೊಬ್ಬರಿದ್ದರು ಎಂಬ ಮಾತನ್ನು ಮಾತ್ರ ಬಿಟ್ಟು ಹೇಳುತ್ತೇವೆ.

ಗಂಡನ ಬಗ್ಗೆಯೂ ಒಂದು ಮಾತು. ಸ್ವಂತ ಕಾಲಿನ ಮೇಲೆ ನಿಂತ ಹೆಂಗಸಿನ ಕಥೆಯಲ್ಲಿ ಗಂಡ ಕುಡುಕನಾಗಿರಬೇಕು ಇಲ್ಲವೇ ತೀರಿಹೋಗಿರಬೇಕು ಎಂಬ ನಿರೀಕ್ಷೆ ನಮ್ಮಲ್ಲಿದೆ. ಅಕ್ಕನ ಗಂಡ ಎರಡೂ ಅಲ್ಲದ್ದರಿಂದ ತಮ್ಮ ಲೇಖಕರು ಅವರನ್ನು ‘ಬೆನ್ನೆಲುಬಾಗಿ ನಿಂತ ಪತಿ’ ಮಾಡಿ ಮುಗಿಸಿದ್ದಾರೆ. ಅವರು ತೋಟದಲ್ಲಿ ಆಳುಗಳ ಹಾಜರಿ ಬರೆಯುವ ರೈಟರಾಗಿದ್ದವರು, ಸಾಧು ಮನುಷ್ಯ, ಹೆಂಡತಿಯ ವ್ಯಾಪಾರಕ್ಕೆ ಅಡ್ಡಿ ಮಾಡಲಿಲ್ಲ, ಕೈಯನ್ನೂ ಹಚ್ಚಲಿಲ್ಲ. ‘ನನಗೆ ತೋಟದ ಮಸ್ಟರ್ ರೋಲು ಬರೆಯುವುದೇ ಸಾಕಾಗಿತ್ತು ಸಾರ್’ ಎಂದು ಅವರೇ ನಗುತ್ತಾರೆ.

ಮಕ್ಕಳ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಲೇಖನದ ಮುಕ್ಕಾಲು ಭಾಗ ಅದೇ. ‘ವ್ಯಾಪಾರದ ನಡುವೆಯೂ ಮಕ್ಕಳಿಗೆ ಒಂದು ದಿನವೂ ಕೊರತೆ ಮಾಡಲಿಲ್ಲ’ ಎಂದು ಬರೆದಿದ್ದೀರಿ. ಅಕ್ಕ ಅದನ್ನು ಓದಿ, ‘ಕೊರತೆ ಆಗಿದೆ, ಮಗಳನ್ನೇ ಕೇಳಿ’ ಎಂದರು. ಮಗ ಹುಟ್ಟಿದ್ದು 1999ರ ಜನವರಿಯಲ್ಲಿ. ಕೊಡಗಿನಲ್ಲಿ ಜನವರಿ ಎಂದರೆ ಅರೇಬಿಕಾ ಕೊಯ್ಲು ಮುಗಿಯುತ್ತ ರೊಬಸ್ಟಾ ಕೊಯ್ಲು ಏರುವ ಹೊತ್ತು, ವರ್ಷದ ಖರೀದಿ ಆಗಬೇಕಾದ ಕಾಲ. ಬಾಣಂತನದ ಇಪ್ಪತ್ತೆರಡನೆಯ ದಿನ ಅವರು ತಲೆಗೆ ಬಟ್ಟೆ ಸುತ್ತಿಕೊಂಡು ಕಣದಲ್ಲಿದ್ದರು. ಇದನ್ನು ಲೇಖನ ‘ಛಲ’ ಎಂದು ಕರೆದಿದೆ. ಛಲವೇನೂ ಇರಲಿಲ್ಲ, ಬೆಳೆಗಾರರಿಗೆ ಮುಂಗಡ ಕೊಟ್ಟಾಗಿತ್ತು, ಸರಕು ಎತ್ತದಿದ್ದರೆ ಮುಂಗಡ ಮುಳುಗುತ್ತಿತ್ತು. ಆ ಕಾಲದಲ್ಲಿ ಸಂಬಳದ ಕೆಲಸದಲ್ಲಿದ್ದ ಹೆಂಗಸಿಗೆ 1961ರ ಹೆರಿಗೆ ಸೌಲಭ್ಯ ಕಾಯ್ದೆಯ ಪ್ರಕಾರ 12 ವಾರಗಳ ಸಂಬಳ ಸಹಿತ ರಜೆ ಇತ್ತು. 2017ರ ತಿದ್ದುಪಡಿ ಅದನ್ನು 26 ವಾರಕ್ಕೆ ಏರಿಸಿತು. ಅದೇ ಲೈನ್ ಮನೆಗಳ ಸಾಲಿನಲ್ಲಿ ವಾಸವಿದ್ದ ತೋಟದ ಕಾರ್ಮಿಕ ಹೆಂಗಸರಿಗೆ 1951ರ ತೋಟ ಕಾರ್ಮಿಕರ ಕಾಯ್ದೆಯ ಅಡಿಯಲ್ಲಿ ಶಿಶುವಿಹಾರದ ಹಕ್ಕಿತ್ತು: 50 ಅಥವಾ ಅದಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ತೋಟದಲ್ಲಿ ಮಕ್ಕಳಿಗೊಂದು ಕೋಣೆ, ನೋಡಿಕೊಳ್ಳಲು ಒಬ್ಬ ಆಯಾ. ಸ್ವಂತ ವ್ಯಾಪಾರ ಮಾಡುವ ತಾಯಿಗೆ ಅದರಲ್ಲಿ ಯಾವುದೂ ಇರಲಿಲ್ಲ, ಇಂದಿಗೂ ಇಲ್ಲ. ಅಕ್ಕ ಮಗುವನ್ನು ತೋಟದ ಆ ಶಿಶುವಿಹಾರದಲ್ಲೇ ಬಿಡುತ್ತಿದ್ದರು, ನಿಯಮದ ಪ್ರಕಾರ ಅಲ್ಲ, ಆಯಾಗೆ ತಿಂಗಳಿಗೆ ಅರ್ಧ ಕಿಲೋ ಕಾಫಿಪುಡಿ ಕೊಟ್ಟು. ಈಗ ಗ್ರಾಮ ಪಂಚಾಯಿತಿಗಳಲ್ಲಿ ಉದ್ಯೋಗ ಖಾತರಿ ಕೂಲಿಗೆ ಹೋಗುವವರ ಪುಟ್ಟ ಮಕ್ಕಳಿಗಾಗಿ ‘ಕೂಸಿನ ಮನೆ’ಗಳು ಬಂದಿವೆ, ಬಹಳ ಒಳ್ಳೆಯ ಯೋಜನೆ, ಸಂತೆಯಲ್ಲಿ ಕುಳಿತು ಮಾರುವ ಹೆಂಗಸಿನ ಕೂಸೂ ಅಲ್ಲಿ ಮಲಗಬಹುದೆಂದು ಯಾರಾದರೂ ಆದೇಶ ಹೊರಡಿಸಿದರೆ ಇನ್ನೂ ಒಳ್ಳೆಯದಾದೀತು.

ಮಗಳ ಎಸ್‌ಎಸ್‌ಎಲ್‌ಸಿ ಪರೀಕ್ಷೆಯೂ ರೊಬಸ್ಟಾ ಖರೀದಿಯ ಕೊನೆಯ ಭರಾಟೆಯೂ ಒಂದೇ ಹೊತ್ತಿಗೆ ಬಿದ್ದವು. ಆ ವರ್ಷ ಕಾಫಿ ಹೂ ಅರಳಿಸುವ ಹೂಮಳೆ ಅಕಾಲದಲ್ಲಿ ಸುರಿದು, ಕಣದಲ್ಲಿ ಹರಡಿದ್ದ ಚೆರಿಗೆ ಟಾರ್ಪಾಲು ಹೊದೆಸಲು ತಾಯಿ ಮಗಳಿಬ್ಬರೂ ರಾತ್ರಿ ಎದ್ದು ಓಡಿದ್ದರು. ಬೆಳಿಗ್ಗೆ ಗಣಿತದ ಪರೀಕ್ಷೆ. ಆ ಅಂಕಗಳ ಬಗ್ಗೆ ಮನೆಯಲ್ಲಿ ಇಂದಿಗೂ ಮಾತು ಬರುತ್ತದೆ. ಮಗಳು ಈಗ ಮೈಸೂರಿನಲ್ಲಿ ಕೆಲಸದಲ್ಲಿದ್ದಾರೆ, ಚಹಾ ಕುಡಿಯುತ್ತಾರೆ. ತಾಯಿಯ ಮೇಲೆ ಅವರಿಗೆ ಸಿಟ್ಟೂ ಇದೆ, ಅಭಿಮಾನವೂ ಇದೆ. ಎರಡನ್ನೂ ನನ್ನೆದುರೇ ಹೇಳಿದರು. ಲೇಖನದಲ್ಲಿ ಅಭಿಮಾನ ಮಾತ್ರ ಅಚ್ಚಾಗಿದೆ.

ವ್ಯಾಪಾರ ಬೆಳೆದದ್ದು ಹೇಗೆಂಬುದು ಇನ್ನೂ ಸ್ವಾರಸ್ಯದ ವಿಷಯ, ಅದನ್ನು ಹೇಳಲು ಕೊಡಗಿನಲ್ಲಿ ಸ್ವಲ್ಪ ಧೈರ್ಯ ಬೇಕು. 2001–02ರ ಹೊತ್ತಿಗೆ ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಕಾಫಿ ದರ ಮೂವತ್ತು ವರ್ಷಗಳಲ್ಲೇ ಕಾಣದಷ್ಟು ಕೆಳಗೆ ಹೋಯಿತು. ಬೆಳೆಗಾರರು ಕೊಯ್ಲಿನ ಕೂಲಿಯೂ ಹುಟ್ಟುವುದಿಲ್ಲವೆಂದು ಹಣ್ಣನ್ನು ಗಿಡದಲ್ಲೇ ಬಿಟ್ಟ ದಿನಗಳವು. ಆದರೆ ಪುಡಿ ಮಾರುವವರಿಗೆ ಕಚ್ಚಾ ಸರಕಿನ ಬೆಲೆ ಇಳಿದಷ್ಟೂ ಲಾಭ, ಯಾಕೆಂದರೆ ಅಂಗಡಿಯಲ್ಲಿ ಪುಡಿಯ ಬೆಲೆ ಅಷ್ಟೇ ವೇಗದಲ್ಲಿ ಇಳಿಯುವುದಿಲ್ಲ. ಅಕ್ಕನ ಹುರಿಯುವ ಯಂತ್ರ, ಬಾಡಿಗೆಯ ಶೆಡ್ಡು, ಮೊದಲ ಇಬ್ಬರು ಕೆಲಸದವರು ಎಲ್ಲವೂ ಬಂದದ್ದು ಆ ಎರಡು ವರ್ಷಗಳಲ್ಲಿ. ಅವರು ಅದನ್ನು ಮುಚ್ಚಿಡುವುದಿಲ್ಲ. ‘ಅವರು ಅಳುವಾಗ ನಾನು ಕೊಂಡೆ, ಆದರೆ ತೂಕದಲ್ಲಿ ಮೋಸ ಮಾಡಲಿಲ್ಲ’ ಎನ್ನುತ್ತಾರೆ. ಸುತ್ತಲಿನ ಬೆಳೆಗಾರರಲ್ಲಿ ಕೆಲವರಿಗೆ ಅವರ ಮೇಲೆ ಇಂದಿಗೂ ಪೂರ್ತಿ ಪ್ರೀತಿಯಿಲ್ಲ. ಓಟಿ ನೋಡುವಾಗ ಅವರು ಅರ್ಧ ಕಿಲೋ ಬಿಟ್ಟುಕೊಡುವವರಲ್ಲ, ಕೂಲಿಯ ವಿಷಯದಲ್ಲಂತೂ ಧಾರಾಳಿ ಎಂದು ನಾನು ಹೇಳಲಾರೆ. ಬಹಳ ವರ್ಷ ಅವರ ಶೆಡ್ಡಿನಲ್ಲೂ ಗಂಡಾಳಿಗೆ ಹೆಚ್ಚು, ಹೆಣ್ಣಾಳಿಗೆ ಕಡಿಮೆ ಇತ್ತು, 1976ರಿಂದಲೇ ಸಮಾನ ವೇತನದ ಕಾಯ್ದೆ ಇದ್ದರೂ. ಆ ಮಾತನ್ನು ನಾನು ಎತ್ತಿದಾಗ ಮೂಟೆ ಹೊರುವವರಿಗೆ ಹೆಚ್ಚು ಕೊಡದಿದ್ದರೆ ಬರುವುದಿಲ್ಲ ಎಂದು ವಾದಿಸಿದರು. ಅವರ ವಾದ ನನಗೆ ಒಪ್ಪಿಗೆಯಾಗಲಿಲ್ಲ. ಕೆಲವು ವರ್ಷಗಳಿಂದ ಸರಿಪಡಿಸಿದ್ದಾರೆ. ವ್ಯಾಪಾರಿಯೊಬ್ಬರ ಬಗ್ಗೆ ಬರೆಯುವಾಗ ಇಂಥದನ್ನೂ ಬರೆಯಬೇಕು. ‘ಮಾತೃಹೃದಯ’ ಎಂಬ ಒಂದು ಪದದಡಿ ಇದೆಲ್ಲ ಮುಚ್ಚಿಹೋಗುತ್ತದೆ.

2019ರ ಆಗಸ್ಟ್ ಬಗ್ಗೆ ಲೇಖನದಲ್ಲಿ ಒಂದು ವಾಕ್ಯವಿದೆ. ಅದರ ಹಿಂದಿನ ವರ್ಷ ಮಡಿಕೇರಿ, ಮಕ್ಕಂದೂರು ಕಡೆ ಗುಡ್ಡಗಳು ಕುಸಿದಾಗ ನಮ್ಮ ಭಾಗದವರು ನಾವು ಪಾರಾದೆವೆಂದುಕೊಂಡಿದ್ದೆವು. 2019ರಲ್ಲಿ ಕಾವೇರಿ ಕರಡಿಗೋಡು, ನೆಲ್ಯಹುದಿಕೇರಿಗಳ ಮನೆಗಳೊಳಗೆ ಬಂದಳು. ಅಕ್ಕನ ಗೋದಾಮು ಇದ್ದದ್ದು ತಗ್ಗಿನಲ್ಲಿ. ನೀರು ಇಳಿದ ಮೇಲೆ ನಾನು ಹೋಗಿ ನೋಡಿದಾಗ ಗೋಣಿಗಳ ಕೆಳಗಿನ ಮೂರು ಸಾಲು ಊದಿಕೊಂಡು ಹೊಲಿಗೆ ಬಿಚ್ಚಿತ್ತು, ಬೀಜದ ಮೇಲೆ ಬಿಳಿ ಬೂಷ್ಟು ಕಟ್ಟಿತ್ತು. ಒಣಗಿಸಿ ಹುರಿದರೆ ಯಾರಿಗೂ ಗೊತ್ತಾಗುವುದಿಲ್ಲ, ಚಿಕೋರಿ ಹೆಚ್ಚು ಹಾಕಿದರೆ ವಾಸನೆಯೂ ಹೋಗುತ್ತದೆ ಎಂದು ಸಲಹೆ ಕೊಟ್ಟವರಿದ್ದರು. ನಲವತ್ತೊಂದು ಚೀಲವನ್ನು ಟ್ರ್ಯಾಕ್ಟರಿನಲ್ಲಿ ಸಾಗಿಸಿ ಗೊಬ್ಬರದ ಗುಂಡಿಗೆ ಹಾಕಿಸಿದರು. ಸರಕಿಗೆ ವಿಮೆ ಇರಲಿಲ್ಲ. ವಿಮೆ ಮಾಡಿಸಿ ಎಂದು ನಾನು ಎಷ್ಟೋ ಸಲ ಹೇಳಿದ್ದೆ, ಪ್ರೀಮಿಯಂ ದಂಡ ಎಂದು ತಳ್ಳಿಹಾಕಿದ್ದರು. ಅದು ಅವರ ತಪ್ಪು, ಅವರೂ ಒಪ್ಪುತ್ತಾರೆ.

ಈಗಿನ ತೊಂದರೆ ಬೇರೆ ಬಗೆಯದು. 2024ರಲ್ಲಿ ರೊಬಸ್ಟಾ ಚೆರಿ ಐವತ್ತು ಕಿಲೋ ಚೀಲಕ್ಕೆ 10,000 ರೂಪಾಯಿ ದಾಟಿದಾಗ ಜಿಲ್ಲೆಯೆಲ್ಲ ಸಂಭ್ರಮಿಸಿತು, ಸಂಭ್ರಮಿಸಬೇಕಾದದ್ದೇ. ಅದೇ ಹೊತ್ತಿಗೆ ಸಣ್ಣ ಪುಡಿ ತಯಾರಕರಿಗೆ ಹಿಂದೆ ನೂರು ಚೀಲ ಕೊಳ್ಳುತ್ತಿದ್ದ ಹಣದಲ್ಲಿ ಅರ್ಧವೂ ಬಾರದೆ ಹೋಯಿತು. ದುಡಿಯುವ ಬಂಡವಾಳ ಹೆಚ್ಚಿಸಿಕೊಳ್ಳದೆ ಗತಿಯಿಲ್ಲ. ಹಾಗೆಂದು ಯೋಜನೆಗಳಿಗೆ ಬರವಿಲ್ಲ: 2015ರಿಂದ ಮುದ್ರಾ, 2016ರಿಂದ 2025ರ ಮಾರ್ಚ್‌ವರೆಗೆ ಮಹಿಳೆಯರಿಗೆ 10 ಲಕ್ಷದಿಂದ ಒಂದು ಕೋಟಿವರೆಗಿನ ಸ್ಟ್ಯಾಂಡ್ ಅಪ್ ಇಂಡಿಯಾ, ರಾಜ್ಯದ ಉದ್ಯೋಗಿನಿ, ಕಿರು ಆಹಾರ ಸಂಸ್ಕರಣಾ ಘಟಕಗಳಿಗೆ ಸಹಾಯಧನ, ಸಣ್ಣ ಉದ್ದಿಮೆಗಳಿಗೆ 10 ಲಕ್ಷದವರೆಗೆ ಆಸ್ತಿ ಅಡಮಾನ ಕೇಳಬಾರದೆಂದು ರಿಸರ್ವ್ ಬ್ಯಾಂಕ್ 2010ರಲ್ಲೇ ಬ್ಯಾಂಕುಗಳಿಗೆ ಹೇಳಿತ್ತು. ನಾನು ಕೆಲಸಕ್ಕೆ ಸೇರಿದ ಕಾಲಕ್ಕೂ ಈಗಿನ ಕಾಲಕ್ಕೂ ಅಜಗಜಾಂತರವಿದೆ ಎಂಬುದನ್ನು ಒಪ್ಪಲೇಬೇಕು. ಹೀಗಿದ್ದೂ ಕಳೆದ ಡಿಸೆಂಬರಿನಲ್ಲಿ ಅಕ್ಕ ಸಾಲದ ಮಿತಿ ಹೆಚ್ಚಿಸಿ ಎಂದು ಕೇಳಿದಾಗ ಬಂದ ಯುವ ಅಧಿಕಾರಿ, ನನ್ನ ಮಗನ ವಯಸ್ಸಿನವರು, ಬಹಳ ವಿನಯದಿಂದ ‘ಅಮ್ಮ, ಇಷ್ಟು ವಯಸ್ಸಾದ ಮೇಲೆ ಇನ್ನೂ ಸಾಲದ ತಲೆನೋವು ಯಾಕೆ, ಮಗನ ಹೆಸರಿಗೆ ಮಾಡಿಬಿಡಿ’ ಎಂದರು. ಮಗನಿಗೆ ಕಾಫಿಯ ವ್ಯಾಪಾರ ಗೊತ್ತಿಲ್ಲ, ಆಸಕ್ತಿಯೂ ಇಲ್ಲ. ನನ್ನ ಕಾಲದಲ್ಲಿ ಗಂಡನ ಸಹಿ ಕೇಳುತ್ತಿದ್ದೆವು, ಈಗ ಮಗನ ಹೆಸರು ಕೇಳುತ್ತಾರೆ. ಆ ಹುಡುಗನ ಮಾತಿನಲ್ಲಿ ಕೇಡಿರಲಿಲ್ಲ. ತಾಯಿಯೆಂದರೆ ಇಷ್ಟು ದುಡಿದದ್ದು ಮಕ್ಕಳಿಗಾಗಿ, ಮಕ್ಕಳು ನೆಲೆ ನಿಂತ ಮೇಲೆ ದುಡಿಯಬೇಕಿಲ್ಲ ಎಂದು ಅವನೂ ಪುರವಣಿಗಳಲ್ಲಿ ಓದಿಯೇ ಬೆಳೆದವನು.

ಇಲ್ಲಿಯೇ ತಮ್ಮ ಲೇಖನದ ಮೇಲಿನ ನನ್ನ ಆಕ್ಷೇಪಣೆಯ ತಿರುಳಿರುವುದು. ಅಕ್ಕ ಮಕ್ಕಳಿಗಾಗಿ ವ್ಯಾಪಾರ ಮಾಡಿದರು ಎಂದು ತಾವು ಬರೆದಿದ್ದೀರಿ. ನಾನು ನೇರವಾಗಿ ಕೇಳಿದೆ. ‘ಮಕ್ಕಳಿಗೂ ಆಯಿತು. ಆದರೆ ನನಗೆ ಈ ಕೆಲಸ ಇಷ್ಟ, ಸಾರ್. ಒಳ್ಳೆಯ ಚೆರಿ ಕೈಗೆ ಸಿಕ್ಕಿದರೆ ಈಗಲೂ ನಿದ್ರೆ ಬರುವುದಿಲ್ಲ’ ಎಂದರು. ಗಂಡಸು ಹೀಗೆ ಹೇಳಿದರೆ ಅವನನ್ನು ಉದ್ಯಮಿ ಎನ್ನುತ್ತೇವೆ, ಅವನ ಬಗ್ಗೆ ವಾಣಿಜ್ಯ ಪುಟದಲ್ಲಿ ಬರೆಯುತ್ತೇವೆ, ಅವನು ಮಕ್ಕಳನ್ನು ಹೇಗೆ ಬೆಳೆಸಿದನೆಂದು ಕೇಳುವುದಿಲ್ಲ. ಅಕ್ಕನನ್ನು ತ್ಯಾಗಮಯಿ ಎಂದು ಹೊಗಳುವ ಕಣ್ಣಿಗೂ ಅವರ ಅರ್ಜಿಯಲ್ಲಿ ‘ಗೃಹಿಣಿ’ ಎಂದು ಬರೆದ ನನ್ನ ಕಣ್ಣಿಗೂ ಕಾಣುವುದು ಒಂದೇ: ಮನೆಗೆ ಒತ್ತಾಸೆಯಾಗಲೆಂದು ಹೆಂಗಸೊಬ್ಬಳು ಮಾಡುವ ಉಪಕಸುಬು. ಉಪಕಸುಬಿಗೆ ಪುರವಣಿಯಲ್ಲಿ ಜಾಗ ಸಿಗುತ್ತದೆ, ಬ್ಯಾಂಕಿನಲ್ಲಿ ಸಾಲದ ಮಿತಿ ಸಿಗುವುದಿಲ್ಲ.

2011ರ ಜನಗಣತಿಯಲ್ಲಿ ಸಾವಿರ ಗಂಡಸರಿಗೆ 1,019 ಹೆಂಗಸರಿದ್ದ ಜಿಲ್ಲೆ ನಮ್ಮದು. ಜೇನು, ಕಾಚಂಪುಳಿ (ಅಡುಗೆಗೆ ಬಳಸುವ ಕೊಡಗಿನ ಹುಳಿರಸ), ಕಾಳುಮೆಣಸು, ಮನೆಯಲ್ಲೇ ಮಾಡಿದ ವೈನು, ಚಾಕೊಲೇಟು, ಹೋಂಸ್ಟೇ ಎಂದು ಹೆಂಗಸರ ಕೈಯಿಂದ ನಡೆಯುವ ವ್ಯಾಪಾರ ಮಡಿಕೇರಿಯ ಶುಕ್ರವಾರದ ಸಂತೆಯಿಂದ ಹಿಡಿದು ಕುಶಾಲನಗರದ ರಸ್ತೆಬದಿಯವರೆಗೆ ಎಷ್ಟಿದೆಯೆಂದು ಕಣ್ಣಿದ್ದವರಿಗೆ ಕಾಣುತ್ತದೆ. ಹೋಂಸ್ಟೇಯ ಬೋರ್ಡಿನ ಮೇಲೆ ಮಾತ್ರ ಗಂಡಸಿನ ಹೆಸರು, ಮೊಬೈಲ್ ನಂಬರು. ಮುಂದಿನ ಜನಗಣತಿಯ ಉಲ್ಲೇಖ ದಿನಾಂಕ 2027ರ ಮಾರ್ಚ್ 1 ಎಂದು ಪ್ರಕಟವಾಗಿದೆ. ಗಣತಿದಾರರು ಮನೆ ಬಾಗಿಲಿಗೆ ಬಂದು ‘ಹೆಂಡತಿ ಏನು ಮಾಡುತ್ತಾರೆ’ ಎಂದು ಯಜಮಾನರನ್ನು ಕೇಳುವ ಬದಲು ಅವರನ್ನೇ ಕರೆದು ಕೇಳಲಿ ಎಂಬುದನ್ನು ತಮ್ಮ ಪತ್ರಿಕೆ ಈಗಿನಿಂದಲೇ ಬರೆಯಬಹುದು. ಮುಂದಿನ ವರ್ಷ ಮಾರ್ಚಿನಲ್ಲಿ ಇಂಥವರೊಬ್ಬರ ಬಗ್ಗೆ ಲೇಖನ ಬರೆಸುವಾಗ ವರದಿಗಾರರ ಜೊತೆಗೆ ವಾಣಿಜ್ಯ ವಿಭಾಗದವರೊಬ್ಬರನ್ನೂ ಕಳುಹಿಸಿ. ಮೊದಲ ಪ್ರಶ್ನೆ ಬಂಡವಾಳ ಎಲ್ಲಿಂದ ಬಂತು, ಬಡ್ಡಿ ಎಷ್ಟಿತ್ತು, ಯಾರು ಕೊಡಲಿಲ್ಲ ಎಂದಿರಲಿ. ಮಕ್ಕಳ ಪ್ರಶ್ನೆಯನ್ನು ಆಮೇಲೆ ಕೇಳಬಹುದು, ಅಪ್ಪನೂ ಎದುರಿಗೆ ಕುಳಿತಿರುವಾಗ.

ಇಷ್ಟೆಲ್ಲ ಬರೆದದ್ದು ನನ್ನ ಸಮಾಧಾನಕ್ಕೆ. ಅಕ್ಕ ನನ್ನಲ್ಲಿ ಹೇಳಿಕಳುಹಿಸಿದ್ದು ಒಂದೇ ವಿಷಯ. ಲೇಖನದಲ್ಲಿ ಅವರದು ‘ಚಿಕೋರಿ ಬೆರೆಸದ ಅಪ್ಪಟ ಕಾಫಿಪುಡಿ’ ಎಂದು ಅಚ್ಚಾಗಿದೆ. ಅದು ತಪ್ಪು. ಅವರಲ್ಲಿ ಎರಡು ಬಗೆಯ ಪುಡಿ ಉಂಟು: ಒಂದು ಅಪ್ಪಟ, ಇನ್ನೊಂದು ನೂರಕ್ಕೆ ಮೂವತ್ತು ಚಿಕೋರಿ ಬೆರೆಸಿದ್ದು. ನಿಯಮದ ಪ್ರಕಾರ 49ರವರೆಗೆ ಬೆರೆಸಲು ಅವಕಾಶವಿದೆ, ಪ್ರಮಾಣವನ್ನು ಪೊಟ್ಟಣದ ಮೇಲೆ ನಮೂದಿಸಬೇಕು, ಅವರು ಮೊದಲಿನಿಂದಲೂ ದಪ್ಪ ಅಕ್ಷರದಲ್ಲಿ ನಮೂದಿಸುತ್ತಾರೆ. ಹೋಟೆಲಿನವರು ಕೊಳ್ಳುವುದೆಲ್ಲ ಎರಡನೆಯದನ್ನೇ. ಲೇಖನ ಓದಿದ ಗಿರಾಕಿಗಳು ಪೊಟ್ಟಣ ಹಿಡಿದುಕೊಂಡು ಬಂದು ‘ಪೇಪರಿನಲ್ಲಿ ಹಾಗೆ, ಚೀಟಿಯಲ್ಲಿ ಹೀಗೆ, ಯಾವುದು ನಿಜ’ ಎಂದು ಕೇಳುತ್ತಿದ್ದಾರಂತೆ. ದಯವಿಟ್ಟು ತಿದ್ದುಪಡಿಯನ್ನು ಆದಷ್ಟು ಬೇಗ ಪ್ರಕಟಿಸಿ. ಪತ್ರದಲ್ಲಿ ಜಾಗ ಸಾಲದಿದ್ದರೆ ಮೇಲಿನದೆಲ್ಲವನ್ನೂ ಬಿಟ್ಟು ಇದೊಂದನ್ನೇ ಹಾಕಿದರೂ ಅಕ್ಕನ ಅಭ್ಯಂತರವಿಲ್ಲ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಬ್ಯಾಂಕ್ ಅಧಿಕಾರಿ,
ವಿರಾಜಪೇಟೆ, ಕೊಡಗು